ರೋಲಿನಲ್ಲಿ ಉಳಿದ ಚಿತ್ರಗಳು

ಕ್ಯಾಮೆರಾದ ಮುಂದೆ ಕೂತ ಮನುಷ್ಯ ಮೊದಲು ಮಾಡುವ ಕೆಲಸವೆಂದರೆ ಉಸಿರು ಬಿಗಿಹಿಡಿಯುವುದು. ಮನೆಯಲ್ಲಿ ಗುಡುಗುವ ಯಜಮಾನರೂ, ಮಾರುಕಟ್ಟೆಯಲ್ಲಿ ಗಂಟಲು ಹರಿದುಕೊಳ್ಳುವವರೂ ನನ್ನ ಸ್ಟೂಲಿನ ಮೇಲೆ ಕೂತೊಡನೆ ಸಮಾಧಿಸ್ಥರಾಗುತ್ತಿದ್ದರು. ಎಂಬತ್ತರ ದಶಕದಲ್ಲಿ ವಿಜಯನಗರದಲ್ಲಿ ನನ್ನದೊಂದು ಸ್ಟುಡಿಯೊ ಇತ್ತು. ಸ್ಟುಡಿಯೊ ಎಂಬುದು ಬೋರ್ಡಿನ ಉತ್ಪ್ರೇಕ್ಷೆ, ಒಳಗಿದ್ದದ್ದು ಒಂದು ಪರದೆ, ಎರಡು ದೀಪ ಮತ್ತು ಕಲಾವಿದನೆಂಬ ಭ್ರಮೆಯಲ್ಲಿದ್ದ ನಾನು. ‘ಗದ್ದ ಸ್ವಲ್ಪ ಕೆಳಗೆ, ಕಿವಿ ಕಾಣಲಿ’ ಎಂಬ ಮಂತ್ರವನ್ನು ಪಠಿಸಿ ಪಠಿಸಿ ಆ ಭ್ರಮೆಯೂ ಸವೆದುಹೋಗಿತ್ತು. ಕನಸಿನಲ್ಲೂ ಬರೀ ಕಿವಿಗಳೇ ಬರುತ್ತಿದ್ದವು ಎಂದರೆ ನೀವು ನಗುತ್ತೀರಿ. ನನ್ನ ಹೆಂಡತಿಯೂ ನಕ್ಕಿದ್ದಳು.

ನಗದೆ ಇದ್ದವನು ಅವಳ ತಮ್ಮನೊಬ್ಬನೇ. “ಭಾವ, ನಮ್ಮ ಫ್ಯಾಕ್ಟರಿ ಸ್ಟೋರ್ಸಲ್ಲಿ ಜಾಗ ಖಾಲಿ ಇದೆ, ಮಾತಾಡಿದೀನಿ. ಸೋಮವಾರ ಹೂಂ ಅಂದ್ಬಿಡಿ,” ಎಂದಿದ್ದ. ನನಗೂ ಹೂಂ ಅನ್ನುವ ಮನಸ್ಸೇ ಆಗಿತ್ತು. ನೋಡುವ ಕಣ್ಣು ಮಂಕಾದ ಮೇಲೆ ಕ್ಯಾಮೆರಾ ಹಿಡಿದರೇನು, ಸ್ಟೋರ್ಸಿನ ಬೀಗದಕೈ ಹಿಡಿದರೇನು?

ಆ ಶನಿವಾರ ಗದಗದ ಕಡೆಯ ಹೆಣ್ಣುಮಗಳೊಬ್ಬರು ಶಾಲೆಯ ಕೆಲಸದ ಅರ್ಜಿಗೆಂದು ಫೋಟೋ ತೆಗೆಸಿಕೊಂಡು, ಸಂಜೆಯೊಳಗೆ ಬೇಕೇ ಬೇಕೆಂದು ಪಟ್ಟುಹಿಡಿದು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತರು. ಅಂದಿನ ಫಿಲಂ ಧರ್ಮ ನಿಮಗೆ ಗೊತ್ತಿರಬೇಕು: ರೋಲು ಪೂರ್ತಿ ಮುಗಿಯದೆ ತೊಳೆಯುವಂತಿಲ್ಲ, ಅರ್ಧಕ್ಕೆ ತೊಳೆದರೆ ಮಿಕ್ಕರ್ಧ ಚರಂಡಿ ಪಾಲು.

“ರೋಲ್ ಮುಗೀಬೇಕಮ್ಮ. ಇನ್ನೂ ಗಿರಾಕಿಗಳು ಬರ್ಬೇಕು,” ಎಂದೆ.

“ಗಿರಾಕಿ ಯಾಕ ಬೇಕ್ರಿ? ಉಳಿದದ್ದರಾಗ ನಿಮಗ ಬೇಕಾದ್ದು ತಗೀರಿ,” ಎಂದರು.

ನನಗೆ ಬೇಕಾದದ್ದು! ಇಷ್ಟು ವರ್ಷಗಳಲ್ಲಿ ಆ ಮಾತನ್ನು ನನಗೆ ಯಾರೂ ಅಂದಿರಲಿಲ್ಲ, ನಾನೂ ಅಂದುಕೊಂಡಿರಲಿಲ್ಲ. ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಬೀದಿಗಿಳಿದು, ಏನನ್ನು ತೆಗೆಯಬೇಕೆಂದು ತಿಳಿಯದೆ ಪೆದ್ದುಪೆದ್ದಾಗಿ ನಿಂತೆ. ಟೊಮೇಟೊ ರಾಶಿ ನೋಡಿದೆ, ಬಸ್ಸಿಳಿಯುವವರ ಗಡಿಬಿಡಿ ನೋಡಿದೆ. ಮನಸ್ಸು ಮಾತ್ರ ಕದಲಲಿಲ್ಲ. ಕೊನೆಗೆ ಸೊಪ್ಪಿನ ಗಾಡಿಗೆ ಬಾಯಿ ಹಾಕಿದ್ದ ಹಸುವಿನತ್ತ ಕ್ಯಾಮೆರಾ ತಿರುಗಿಸಿ, ಅಭ್ಯಾಸಬಲದಿಂದ, “ಗದ್ದ ಸ್ವಲ್ಪ ಕೆಳಗೆ” ಎಂದುಬಿಟ್ಟೆ.

ಬೆನ್ನ ಹಿಂದೆ ನಗು ಕೇಳಿಸಿತು. ತಿರುಗಿದರೆ ಆಕೆ ಚಪ್ಪಲಿ ಕಳಚಿ, ಬೆಂಚಿನ ಮೇಲೆ ಕಾಲು ಮಡಿಸಿಕೊಂಡು, ಬಾಯಿಗೆ ಸೆರಗು ಅಡ್ಡ ಹಿಡಿದರೂ ತಡೆಯಲಾರದೆ, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ನಾನು ಯೋಚಿಸುವ ಮೊದಲೇ ಕೈ ಕ್ಯಾಮೆರಾದ ಗುಂಡಿ ಒತ್ತಿತ್ತು. ಆಮೇಲೆ ಏನಾಯಿತೋ, ಬಾಗಿಲಿಗೆ ಒರಗಿದ ಬಿಸಿಲು, ಗಾಡಿಯವನ ಸಿಟ್ಟು, ಹಸುವಿನ ನಿರ್ಲಿಪ್ತತೆ ಒಂದೊಂದಾಗಿ ಕಾಣತೊಡಗಿ, ಮುಗಿಯದೆಂದು ಗೊಣಗಿದ್ದ ರೋಲು ಸಾಲದೆ ಹೋಯಿತು.

ಸಂಜೆ ಅರ್ಜಿಯ ಫೋಟೋಗಳ ಜೊತೆಗೆ ಆ ನಗುವಿನದನ್ನೂ ಪ್ರಿಂಟ್ ಹಾಕಿ ಕೊಟ್ಟೆ. ಗಂಭೀರವದನದವನ್ನು ಚೀಲಕ್ಕೆ ಹಾಕಿಕೊಂಡು, ಇದೊಂದನ್ನು ಬಹಳ ಹೊತ್ತು ನೋಡಿ, ನನ್ನ ಕೈಗೇ ತಿರುಗಿ ಕೊಟ್ಟರು.

“ಇದು ನಾ ಹೇಳಿ ತಗಿಸಿದ್ದಲ್ರಿ. ನೀವು ನೋಡಿದ್ದು. ನಿಮ್ಮ ಹತ್ರಾನ ಇರ್ಲಿ.”

ಸೋಮವಾರ ಭಾವಮೈದನಿಗೆ ಬೇಡವೆಂದೆ. ಅಂದಿನಿಂದ ಪ್ರತಿ ರೋಲಿನ ಕೊನೆಯ ಒಂದಿಷ್ಟು ಚಿತ್ರಗಳನ್ನು ಯಾವ ಗಿರಾಕಿಗೂ ಕೊಡದೆ ನನಗೆಂದು ಇಟ್ಟುಕೊಳ್ಳುತ್ತ ಬಂದೆ. ನನ್ನ ಕಣ್ಣು ಬದುಕಿದ್ದು ಅವುಗಳಿಂದ. ಆಕೆಗೆ ಆ ಶಾಲೆಯ ಕೆಲಸ ಸಿಕ್ಕಿತೋ ಇಲ್ಲವೋ ತಿಳಿಯದು, ಮತ್ತೆ ಬರಲಿಲ್ಲ. ನನ್ನ ಕೆಲಸವನ್ನಂತೂ ನನಗೆ ಕೊಟ್ಟು ಹೋದರು.