ಬಾಳೆಹಣ್ಣು ಚಾಚಿದ ಕೈ

ನಾನು ನಿಂತಿದ್ದದ್ದು ಜೀಪಿನ ಎಡಬದಿಯಲ್ಲಿ, ಹಿಂದಿನ ಸೀಟಿನ ಮುಂದೆ, ತೆರೆದ ಚಾವಣಿಯ ಕಬ್ಬಿಣದ ಸರಳು ಹಿಡಿದುಕೊಂಡು. ಕಳೆದ ಆಗಸ್ಟ್, ಕೀನ್ಯಾ. ಹುಲ್ಲಿನ ಮೇಲಿನ ಇಬ್ಬನಿ ಇನ್ನೂ ಆರಿರಲಿಲ್ಲ. ನನ್ನ ಮುಂದಿನ ಸೀಟಿನಲ್ಲಿ ಭಾವ, ಅಂದರೆ ಹೆಂಡತಿಯ ಅಣ್ಣ. ಅವಳು ನನ್ನ ಪಕ್ಕದಲ್ಲಿದ್ದಳು.

ಹಿಂದಿನ ದಿನ ಸಿಂಹ, ಘೇಂಡಾಮೃಗ, ಕಾಡೆಮ್ಮೆಗಳ ಹಿಂಡು ಎಲ್ಲ ಕಂಡಿದ್ದೆವು. ಭಾವ, ತಾವು ವಲಸೆ ಬಂದು ನೆಲೆಸಿದ್ದ ಜಾರ್ಜ್‌ಟೌನಿನಲ್ಲಿ ರೈಲಿಗೆ ಕಾಯುವವರ ಹಾಗೆ ಕೈಕಟ್ಟಿ ಕೂತಿದ್ದರು. ಅಂದು ಬೆಳಿಗ್ಗೆ ಆನೆ ಕಂಡದ್ದೇ ಟೋಪಿ ತೆಗೆದು ಎದ್ದು ನಿಂತರು. ಉಡುಪಿಯಲ್ಲಿ ಬೆಳೆದವರು, ದೇವಸ್ಥಾನದ ಆನೆಗೆ ಬಾಳೆಹಣ್ಣು ಕೊಟ್ಟು, ಅದು ತಲೆಯ ಮೇಲೆ ಸೊಂಡಿಲಿಡಲಿ ಎಂದು ಬಾಗಿ ನಿಲ್ಲುವುದು ಅವರಿಗೆ ಕೈಮುಗಿದಷ್ಟೇ ಸಹಜ. ತಿಂಡಿಯ ಪೊಟ್ಟಣದಿಂದ ಹಣ್ಣು ತೆಗೆದು ಚಾಚಿದರು. ಆನೆಯ ಹಿಂದೆ ಮರಿಯಿತ್ತು.

ಡ್ರೈವರ್ ಕೂರಲು ಹೇಳಿದ. ಕೂಗಲಿಲ್ಲ, ಪಿಸುಗುಟ್ಟಿದ; ಅದಕ್ಕೇ ನನಗೆ ಹೆದರಿಕೆಯಾಯಿತು. ಆನೆ ಕಿವಿ ಅಗಲಿಸಿ ನೇರ ಬಂತು. ಹೆಂಡತಿ ಕುಸಿದು ಸೀಟಿನಡಿ ಸೇರಿದಳು. ಭಾವ ತಲೆ ಬಾಗಿಸಿದರು. ಸೊಂಡಿಲು ಜೀಪಿನೊಳಕ್ಕೆ ಇಳಿಯಿತು. ಉಸಿರಿಗೆ ಅವರ ಬಿಳಿ ಕೂದಲು ಎದ್ದು ಅಲ್ಲಾಡಿತು. ಹಣ್ಣು ಕೈಯಿಂದ ಜಾರಿ ಬಿತ್ತು. ಆನೆ ತಿರುಗಿ ಮರಿಯ ಕಡೆ ಹೋಯಿತು.

ಈ ಫೆಬ್ರವರಿಯಲ್ಲಿ ಭಾವ ಹೃದಯಾಘಾತವಾಗಿ ತೀರಿಕೊಂಡರು. ವೈಕುಂಠ ಸಮಾರಾಧನೆಯ ಊಟ ಜಾರ್ಜ್‌ಟೌನಿನ ಅವರ ಮನೆಯ ಬೇಸ್‌ಮೆಂಟಿನಲ್ಲಿ. ಆನೆಯೇ ಅಣ್ಣನ ತಲೆ ಮುಟ್ಟಿ ಹರಸಿತ್ತು ಎಂದು ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದಳು; ಆ ದುಃಖದಲ್ಲಿ ಅವಳು ಹಿಡಿದುಕೊಂಡಿದ್ದದ್ದು ಅದೊಂದನ್ನೇ. ಭಾವನ ಮಗಳು, ಇಲ್ಲೇ ಹುಟ್ಟಿದವಳು, ಬಡಿಸುತ್ತಿದ್ದವಳು ನನ್ನ ಮುಂದೆ ನಿಂತಳು.

"ಮಾವ, ಯು ವರ್ ರೈಟ್ ದೇರ್. ಡಿಡ್ ಇಟ್ ಟಚ್ ಹಿಮ್?"

"ಕೂದಲು ಅಲ್ಲಾಡಿದ್ದು ಕಂಡೆ ಮಗಾ. ಮುಟ್ಟಿದ್ದು ನನಗೆ ಕಾಣ್ಲಿಲ್ಲ."

ಅವಳು ಸಾರಿನ ಪಾತ್ರೆ ಹಿಡಿದು ಪಕ್ಕದವರ ಕಡೆ ಹೋದಳು.

ಊಟ ಮುಗಿಸಿ ಕಾರಿನಲ್ಲಿ ನಾರ್ತ್ ಯಾರ್ಕಿನ ನಮ್ಮ ಕಟ್ಟಡಕ್ಕೆ ಮರಳಿದೆವು. ಲಿಫ್ಟಿನಲ್ಲಿ ಹೆಂಡತಿ ಹೇಳಿದಳು: "ನಾನು ಸೀಟಿನಡಿ ಇದ್ದೆ. ನೋಡಿದ್ದು ನೀವೊಬ್ರೇ. ಹೌದು ಅಂದಿದ್ರೆ ನಿಮ್ದೆಂತ ಹೋಗ್ತಿತ್ತು ಮಾರಾಯ್ರೆ?"

ಅಂದಿನಿಂದ ಕೂತಲ್ಲಿ ಕೂರಲಾರೆ. ಓದಲು ಕೂತರೆ ಎದ್ದು, ಕಿಟಕಿಯ ಚೌಕಟ್ಟು ಹಿಡಿದು ನಿಂತು, ಮತ್ತೆ ನೋಡುತ್ತೇನೆ. ಸೊಂಡಿಲಿನ ತುದಿಗೂ ಅವರ ತಲೆಗೂ ನಡುವೆ ಬೆಳಕಿತ್ತೇ? ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಹೆಂಡತಿ ಅಡಿಗೆಮನೆಯಿಂದ ಗಮನಿಸುತ್ತಾಳೆ.

ನೋಡಿದ್ದು ನಾನೊಬ್ಬನೇ ಎಂದು ಅವಳು ಹೇಳಿದ್ದು ಪೂರ್ತಿ ಸರಿಯಲ್ಲ. ಡ್ರೈವರ್ ಹಿಂದಿನ ಸೀಟುಗಳು ಕಾಣುವ ಕನ್ನಡಿಯಿಂದ ಕಣ್ಣು ತೆಗೆದಿರಲಿಲ್ಲ. ಅವನು ಇದ್ದಾನೆ, ಹೊಸ ವರ್ಷಕ್ಕೆ ಶುಭಾಶಯ ಕಳಿಸಿದ್ದ. ಅವನನ್ನು ಕೇಳೋಣವೇ ಎಂದರೆ ಅವಳು ಬೇಡ ಎನ್ನುತ್ತಾಳೆ. ಇನ್ನು, ಮುಟ್ಟಿತೋ ಇಲ್ಲವೋ ಎಂದು ಬಲ್ಲ ಆ ಆನೆ. ಅದೂ ಬದುಕಿರಬೇಕು, ಮರಿ ತಾಯಿಯಿಲ್ಲದೆ ಉಳಿಯದಷ್ಟು ಚಿಕ್ಕದಿತ್ತು.