ಮೊದಲು ಕೂಗುವ ಸೀಟಿ

ಅಗ್ನಿಶಾಮಕ ಠಾಣೆಯ ನರ್ಸಿಗೆ ಅಲ್ಲಿಯ ಗಂಡಸರು ಇಟ್ಟಿದ್ದ ಹೆಸರು ಊದಮ್ಮ. ಮೂಗಿಗೆ ಕ್ಲಿಪ್ಪು ಸಿಕ್ಕಿಸಿ, ಬಾಯಿಗೆ ಕೊಳವೆ ಕೊಟ್ಟು, "ಊದಿ, ಊದಿ, ಇನ್ನೂ ಊದಿ, ನಿಲ್ಲಿಸಬೇಡಿ" ಎಂದು ಅವಳು ಕೂಗುವುದು ಅಂಗಳದ ಆಚೆ ನಿಂತ ಕೆಂಪು ಬಂಡಿಗಳವರೆಗೂ ಕೇಳಿಸುತ್ತಿತ್ತು. ಉರಿಯುವ ಕಟ್ಟಡಕ್ಕೆ ಹಿಂದೆಮುಂದೆ ನೋಡದೆ ನುಗ್ಗುವ ಈ ಧೀರರು ಅವಳ ಪುಟ್ಟ ಕೋಣೆಯ ಬಾಗಿಲಲ್ಲಿ ಮಾತ್ರ ಶಾಲೆಗೆ ತಡವಾಗಿ ಬಂದ ಮಕ್ಕಳ ಹಾಗೆ ಕಾಲು ಬದಲಿಸುತ್ತಾ ನಿಲ್ಲುತ್ತಿದ್ದರು. ಉಸಿರು ಸಾಲದು ಎಂದು ಅವಳು ಬರೆದರೆ ಮುಗಿಯಿತು, ಬಂಡಿ ಹತ್ತುವ ಹಾಗಿಲ್ಲ. ಕಚೇರಿಯ ಮೂಲೆಯಲ್ಲಿ ಕೂತು ಫೋನು ಎತ್ತಬೇಕು.

ಹಿಂದೆ ಅವಳು ಆಸ್ಪತ್ರೆಯ ತುರ್ತು ವಾರ್ಡಿನಲ್ಲಿದ್ದವಳು. ಬೆಂದು ಬಂದ, ಹೊಗೆ ಕುಡಿದು ಬಂದ ಅಗ್ನಿಶಾಮಕರನ್ನು ಅಲ್ಲಿ ಕಂಡೂ ಕಂಡೂ ಸಾಕಾಗಿ, ಇವರು ಸ್ಟ್ರೆಚರ್ ಮೇಲೆ ಬರುವ ಮೊದಲೇ ಇವರನ್ನು ನೋಡಬೇಕು ಎಂದು ಹಟಹಿಡಿದು ಠಾಣೆಯ ಕೆಲಸಕ್ಕೆ ಸೇರಿದ್ದಳು. ಅರ್ಜಿ ಹಾಕು ಎಂದು ಹುರಿದುಂಬಿಸಿದವರು ಅವಳ ಗಂಡನ ಅಣ್ಣ, ಅಂದರೆ ಭಾವ. ಮೊದಲ ತಂಡದ ಲೀಡರ್ ಅವರೇ. ಒಂದೇ ಮನೆ, ಕೆಳಗೆ ಭಾವ ಮತ್ತು ಅವರ ಹೆಂಡತಿ, ಇವಳು ಅಕ್ಕ ಎಂದು ಕರೆಯುವ ಓರಗಿತ್ತಿ; ಮಹಡಿಯ ಮೇಲೆ ಇವಳ ಸಂಸಾರ. ಠಾಣೆಯಲ್ಲಿ ಅವರು ಅವಳನ್ನು "ಸಿಸ್ಟರ್" ಎಂದು ಕರೆದು ಗತ್ತು ಕಾಪಾಡಿಕೊಳ್ಳುತ್ತಿದ್ದರು. ಮನೆಯ ಮೆಟ್ಟಿಲಲ್ಲಿ ಸಿಕ್ಕರೆ "ಏನಮ್ಮ, ಇವತ್ತು ಎಷ್ಟು ಜನರ ಗಾಳಿ ತೆಗೆದೆ?" ಎಂದು ನಗುತ್ತಿದ್ದರು.

ಇತ್ತೀಚೆಗೆ ಆ ನಗು ಅರ್ಧಕ್ಕೇ ಕೆಮ್ಮಾಗುತ್ತಿತ್ತು. ಎದೆಯಲ್ಲಿ ಶೀತವಿದ್ದಾಗ ಉಸಿರಿನ ಪರೀಕ್ಷೆ ಮಾಡಬಾರದು ಎಂಬುದೊಂದು ನಿಯಮ. ಭಾವನ ಸರದಿ ಬಂದಾಗಲೆಲ್ಲ ಅವರಿಗೆ ಸರಿಯಾಗಿ ಅಂದೇ ಶೀತವಾಗಿರುತ್ತಿತ್ತು. ಮುಂದಿನ ವಾರ ಬನ್ನಿ ಎಂದು ಅವಳೂ ಬಿಟ್ಟುಬಿಡುತ್ತಿದ್ದಳು. ಒಂದು ದಿನ ಬಟ್ಟೆ ಒಣಗಿಸುವಾಗ ಅಕ್ಕ ಹತ್ತಿರ ಬಂದು, "ನಿಮ್ಮ ಭಾವ ಉಸಿರು ಕಟ್ಟುತ್ತೆ ಅಂತ ದಿಂಬು ಒಟ್ಟಿಕೊಂಡು ಕೂತೇ ಮಲಗ್ತಾರೆ ಕಣೇ" ಎಂದಳು. ವಯಸ್ಸಾಯ್ತಲ್ಲ ಅಕ್ಕ ಎಂದು ಇವಳು ಮಾತು ತೇಲಿಸಿದಳು. ಬೇರೆ ಯಾರ ಹೆಂಡತಿ ಹಾಗೆ ಹೇಳಿದ್ದರೂ ಆ ಗಂಡಸನ್ನು ಮಧ್ಯಾಹ್ನದೊಳಗೆ ಕುರ್ಚಿಗೆ ಕೂರಿಸಿ ಊದಿಸಿರುತ್ತಿದ್ದಳು.

ಆದರೆ ಠಾಣೆಯ ಮೇಲಧಿಕಾರಿಗೆ ತಲೆಬಿಸಿಯಾಗಿದ್ದದ್ದು ಭಾವನ ವಿಷಯವಲ್ಲ, ತಿದಿಯ ವಿಷಯ. ತಿದಿ ಎಂದರೆ ಭಾವನ ಜೋಡಿಯವನು, ಮೂವತ್ತರ ಆಸುಪಾಸಿನ ಆಳು. ಕಮ್ಮಾರನ ತಿದಿಯಂಥ ಅಗಲ ಎದೆಯಿಂದಾಗಿ ಆ ಹೆಸರು ಅಂಟಿಕೊಂಡಿತ್ತು. ಹೊಗೆಯೊಳಗೆ ಇಬ್ಬಿಬ್ಬರು ಜೋಡಿಯಾಗಿಯೇ ಹೋಗಬೇಕು. ಬೆನ್ನಿಗೆ ಗಾಳಿಯ ಸಿಲಿಂಡರು, ಮುಖಕ್ಕೆ ಮಾಸ್ಕು. ಗಾಳಿ ಕಾಲು ಭಾಗಕ್ಕೆ ಇಳಿದಾಗ ಸೀಟಿ ತಾನಾಗಿ ಕೂಗುತ್ತದೆ. ಯಾರ ಸೀಟಿ ಮೊದಲು ಕೂಗಿದರೂ ಇಬ್ಬರೂ ಹೊರಗೆ ಬರಬೇಕು, ಅದಕ್ಕೆ ಎದುರುಮಾತಿಲ್ಲ. ಕೆಲವು ತಿಂಗಳಿಂದ ಪ್ರತಿ ಬೆಂಕಿಯಲ್ಲೂ ಮೊದಲು ಕೂಗುತ್ತಿದ್ದದ್ದು ತಿದಿಯ ಸೀಟಿ, ಅದೂ ಉಳಿದ ಜೋಡಿಗಳಿಗಿಂತ ಎಷ್ಟೋ ಮುಂಚೆ. "ಗಾಳಿಬಾಕ" ಎಂದು ತಂಡದವರು ಗೋಳು ಹೊಯ್ದುಕೊಳ್ಳುತ್ತಿದ್ದರು. ಅವನು ಹಲ್ಲುಕಿರಿದು, ತನ್ನದೂ ಲೀಡರದೂ ಎರಡೂ ಸಿಲಿಂಡರು ಹೊತ್ತುಕೊಂಡು ಗಾಳಿ ತುಂಬಿಸಲು ಹೋಗಿಬಿಡುತ್ತಿದ್ದ.

"ಇವನು ಬಂಡಿ ಹತ್ತಬಹುದೋ ಬೇಡವೋ, ಇವತ್ತು ತೀರ್ಮಾನ ಹೇಳಿ" ಎಂದು ಅಧಿಕಾರಿ ಅವನನ್ನು ಅವಳ ಕೋಣೆಗೆ ಕಳಿಸಿದರು.

ತಿದಿ ಊದಿದ. ಯಂತ್ರದ ಗೆರೆ ಮೇಲಕ್ಕೆ ಹೋಗಿ ಇಳಿಯಲು ಮರೆತಂತೆ ನಿಂತಿತು. ಮತ್ತೆ ಊದಿಸಿದಳು; ಅದೇ ಗೆರೆ. ಇಡೀ ಠಾಣೆಯಲ್ಲಿ ಇಂಥ ಶ್ವಾಸಕೋಶ ಇನ್ನೊಂದಿರಲಿಲ್ಲ.

"ನಿನ್ನ ಗಾಳಿ ಎಲ್ಲಿಗೆ ಹೋಗ್ತಿದೆಯಯ್ಯಾ?"

"ಗಾಬರಿಗೆ ಜಾಸ್ತಿ ಎಳ್ಕೊಳ್ತೀನೇನೋ ಸಿಸ್ಟರ್" ಎಂದ, ನೆಲ ನೋಡುತ್ತಾ. ಅವನ ನಾಡಿ ಹಿಡಿದರೆ ಮಗು ಮಲಗಿದಷ್ಟು ನೆಮ್ಮದಿಯಾಗಿ ಬಡಿಯುತ್ತಿತ್ತು. ಗಾಬರಿಯ ಮುಖವಲ್ಲ ಅದು, ಏನನ್ನೋ ಮುಚ್ಚಿಡುವವನ ಮುಖ.

ಸರಿ, ಕಣ್ಣೆದುರೇ ನೋಡೋಣ ಎಂದು ಅವಳು ಜೋಡಿಯನ್ನು ಹೊಗೆಮನೆಗೆ ಕಳಿಸಲು ಹೇಳಿದಳು. ಠಾಣೆಯ ಹಿಂಭಾಗದಲ್ಲಿದ್ದ ತರಬೇತಿಯ ಮನೆ ಅದು. ಕಿಟಕಿಯಿಲ್ಲದ ಎರಡು ಮಹಡಿ, ಒಳಗೆ ಒಣಹುಲ್ಲು ಸುಟ್ಟ ನಿಜವಾದ ಹೊಗೆ. ಭಾವ ಮಾಸ್ಕು ಹಾಕಿಕೊಳ್ಳುವ ಮುಂಚೆ ಅವಳನ್ನು ಪಕ್ಕಕ್ಕೆ ಕರೆದರು.

"ನೋಡಮ್ಮ, ಹುಡುಗ ಚಿನ್ನದಂಥವನು. ಬರೆಯುವಾಗ ಸ್ವಲ್ಪ ನೋಡಿ ಬರಿ. ನಾನಿದೀನಲ್ಲ ಜೊತೆಗೆ, ನಾನು ನೋಡ್ಕೊಳ್ತೀನಿ."

ಇಬ್ಬರೂ ಒಳಗೆ ಹೋದರು. ಅವಳು ತರಬೇತುದಾರನ ಪಕ್ಕ ನಿಂತು ಕಿವಿಗೆ ಮೈಕಿರುವ ಹೆಡ್‌ಫೋನು ಹಾಕಿಕೊಂಡಳು. ತರಬೇತಿಯಲ್ಲಿ ಇಬ್ಬರ ಮೈಕೂ ತೆರೆದೇ ಇರುತ್ತದೆ. ಮೊದಲು ಬೂಟಿನ ಸದ್ದು, ಪೈಪು ಎಳೆಯುವ ಸದ್ದು. ಮೆಟ್ಟಿಲು ಹತ್ತಿದ ಮೇಲೆ ಎರಡು ಉಸಿರು ಬೇರೆಬೇರೆಯಾಗಿ ಕೇಳತೊಡಗಿದವು. ಒಂದು ಉದ್ದ, ನಿಧಾನ. ಇನ್ನೊಂದು ಮರ ಕೊಯ್ಯುವ ಗರಗಸ. ಪಾಪ, ತಿದಿಗೆ ಒಳಗೆ ಹೋದರೆ ಹೀಗಾಗುತ್ತದೆ, ಕೋಣೆಯಲ್ಲಿ ಊದಿಸಿ ಏನು ಪ್ರಯೋಜನ ಎಂದುಕೊಂಡಳು. ಆದರೂ ಮನಸ್ಸು ತಡೆಯಲಿಲ್ಲ.

"ತಿದಿ, ಉಸಿರು ಹಿಡಿ. ನಾನು ಹೇಳೋವರೆಗೆ ಬಿಡಬೇಡ."

ನಿಧಾನದ ಉಸಿರು ನಿಂತಿತು. ಗರಗಸ ಕೊಯ್ಯುತ್ತಲೇ ಇತ್ತು.

ಗರಗಸ ಭಾವನದು. ಆ ಉಸಿರು ನಿಂತ ಜಾಗದಲ್ಲಿ ಇನ್ನೊಂದು ಸದ್ದೂ ಈಗ ಕೇಳಿಸಿತು: ಸುಯ್ ಎಂದು ಗಾಳಿ ಸುಮ್ಮನೆ ಸೋರುವ ಸದ್ದು. ಮಾಸ್ಕಿನ ಪಕ್ಕದಲ್ಲೊಂದು ಸಣ್ಣ ತಿರುಪು ಇರುತ್ತದೆ. ಗಾಳಿ ಬರುವುದು ಕಟ್ಟಿಕೊಂಡರೆ ಮಾತ್ರ ತಿರುಗಿಸಬೇಕಾದದ್ದು. ತಿದಿ ಅದನ್ನು ತೆರೆದಿಟ್ಟು ತನ್ನ ಗಾಳಿಯನ್ನು ತಾನೇ ಚೆಲ್ಲುತ್ತಿದ್ದ. ಲೀಡರ್ ಸೀಟಿಗಿಂತ ಮೊದಲು ತನ್ನದು ಕೂಗಲಿ, ಬಯ್ಯುವವರು ತನ್ನನ್ನೇ ಬಯ್ಯಲಿ ಎಂದು.

"ತಿರುಪು ಮುಚ್ಚೋ! ಇಬ್ಬರೂ ಹೊರಗೆ ಬನ್ನಿ!"

ಅಷ್ಟರಲ್ಲಿ ತಿದಿಯ ಸೀಟಿ ಕೂಗಿತು. "ಬಂದೆ... ಬಂದೆ..." ಎಂದರು ಭಾವ, ಒಂದೊಂದು ಮಾತಿಗೂ ಏದುಸಿರು. ಆಮೇಲೆ ಧೊಪ್ಪೆಂದು ಏನೋ ಕುಸಿದ ಸದ್ದು.

"ಸಿಸ್ಟರ್, ಲೀಡರ್ ಮೆಟ್ಟಿಲಲ್ಲಿ ಕೂತುಬಿಟ್ರು. ಏಳ್ತಿಲ್ಲ."

"ಬಾಗಿಲು ತೆಗೀರಿ, ಎಲ್ಲಾ ಬಾಗಿಲು!" ಎಂದು ಅವಳು ತರಬೇತುದಾರನ ತೋಳು ಹಿಡಿದು ಜಗ್ಗಿದಳು. ಫ್ಯಾನುಗಳು ಗುಂಯ್ ಎಂದವು. ಇಬ್ಬರು ಸಿಲಿಂಡರು ಏರಿಸಿಕೊಳ್ಳುತ್ತಲೇ ಓಡಿದರು. ಹೆಡ್‌ಫೋನಿನಲ್ಲಿ ತಿದಿಯ ಸೀಟಿ ಸಣ್ಣಗಾಗಿ, ಸಣ್ಣಗಾಗಿ, ನಿಂತೇಹೋಯಿತು. ಅದು ನಿಂತಿತೆಂದರೆ ಗಾಳಿ ಮುಗಿಯಿತೆಂದು ಅರ್ಥ. ಆ ನಿಶ್ಶಬ್ದದಲ್ಲಿ ಭಾವನ ಸೀಟಿ ಕೂಗಲು ಶುರುವಾಯಿತು. ಬಿಟ್ಟು ಹೊರಗೆ ಓಡಿಬಾರೋ ಎಂದು ಕೂಗಿದಳು. ಅವನು ಸೊಪ್ಪು ಹಾಕಲಿಲ್ಲ.

ಹೊಗೆಯ ಮಧ್ಯದಿಂದ ತಿದಿ ಹಿಂದುಹಿಂದಕ್ಕೆ ಬಂದ, ಲೀಡರ್‌ನ ಹೆಗಲಪಟ್ಟಿ ಹಿಡಿದು ಎಳೆಯುತ್ತಾ. ಖಾಲಿ ಮಾಸ್ಕನ್ನು ಕಿತ್ತು ಕೊರಳಿಗೆ ಇಳಿಬಿಟ್ಟುಕೊಂಡಿದ್ದ. ಒಳಗೆ ಹೋದವರು ಇಬ್ಬರನ್ನೂ ಎತ್ತಿ ಅಂಗಳಕ್ಕೆ ತಂದರು. ತಿದಿ ಕೆಮ್ಮಿ ಕೆಮ್ಮಿ ವಾಂತಿ ಮಾಡಿಕೊಂಡ. ಅವಳು ಅವನ ಮುಖಕ್ಕೆ ಆಮ್ಲಜನಕ ಹಿಡಿದಳು. ಎರಡು ಬಾರಿ ಎಳೆದುಕೊಂಡು, ಅವನು ಅದನ್ನು ಲೀಡರ್ ಕಡೆಗೆ ಚಾಚಿದ.

ಭಾವ ನೆಲದಲ್ಲಿ ಕೂತು ಅವನ ಮಾಸ್ಕಿನ ತಿರುಪನ್ನೇ ನೋಡುತ್ತಿದ್ದರು. ಅದು ಇನ್ನೂ ಅರ್ಧ ತೆರೆದಿತ್ತು. ಅದರ ಅರ್ಥವನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಯಾವಾಗಿಂದ?"

"ನೀವೂ ನನ್ನ ಮಾನ ಕಾಪಾಡಿದ್ರಲ್ಲ ಅಣ್ಣ" ಎಂದ ತಿದಿ. "ಮೊದಲನೇ ಬೆಂಕಿಯಲ್ಲಿ ನಾನು ಹೆದರಿ ಓಡಿಬಂದಾಗ, ನಿಮ್ಮ ಮಾಸ್ಕೇ ಕೆಟ್ಟಿತ್ತು, ಅದಕ್ಕೇ ಇಬ್ಬರೂ ಹೊರಗೆ ಬಂದ್ವಿ ಅಂತ ಎಲ್ಲರ ಮುಂದೆ ಹೇಳಿದ್ರಿ."

ಭಾವ ಕೈಯೆತ್ತಿದರು, ಹೊಡೆಯುವುದಕ್ಕೋ ಏನೋ. ಕೈ ಅವನ ತಲೆಯ ಮೇಲೆ ಹೋಗಿ ನಿಂತಿತು.

ಆಗಲೇ ಠಾಣೆಯ ಗಂಟೆ ಹೊಡೆಯಿತು. ಎಲ್ಲೋ ನಿಜವಾದ ಬೆಂಕಿ. ಗಂಡಸರು ಬಂಡಿಯತ್ತ ಓಡಿದರು. ಎಷ್ಟೋ ವರ್ಷದ ರೂಢಿ. ಭಾವನೂ ಎದ್ದು, ತಡವರಿಸುತ್ತಾ ಹೋಗಿ ಬಂಡಿಯ ಹಿಡಿಕೆ ಹಿಡಿದು ಮೆಟ್ಟಿಲ ಮೇಲೆ ಕಾಲಿಟ್ಟರು. ಅವಳು ಹಿಂದೆಯೇ ಓಡಿದಳು.

"ಭಾವ, ಇಳೀರಿ."

"ಸರಿಹೋಗಿದೀನಿ. ದಾರಿ ಬಿಡು."

"ಇಳೀರಿ ಅಂದೆ." ದನಿ ಇಡೀ ತಂಡಕ್ಕೆ ಕೇಳುವಷ್ಟು ಗಟ್ಟಿಯಾಗಿತ್ತು. "ನೀವು ಈ ಬಂಡಿ ಹತ್ತೋ ಹಾಗಿಲ್ಲ. ಇವತ್ತೂ ಇಲ್ಲ, ಇನ್ನು ಮುಂದೆನೂ ಇಲ್ಲ. ನಾನು ಬರೆದು ಕೊಡ್ತೀನಿ."

ಡ್ರೈವರ್ ಇಬ್ಬರ ಮುಖವನ್ನೂ ನೋಡದೆ ರಸ್ತೆ ನೋಡುತ್ತಾ ಕೂತ. ಭಾವ ಹಿಡಿಕೆ ಬಿಟ್ಟು ಇಳಿದರು. ಅವರ ಜಾಗಕ್ಕೆ ಇನ್ನೊಬ್ಬ ಹತ್ತಿದ. ಬಂಡಿ ಗೇಟು ದಾಟಿ, ಸೈರನ್ನಿನ ಸದ್ದು ತಿರುವಿನಾಚೆ ಕರಗಿತು. ಅವರು ಬೈಯುತ್ತಾರೆ, ಮನೆಗೆ ಹೋದ ಮೇಲೆ ಅಕ್ಕನೂ ಮಾತು ಬಿಡುತ್ತಾಳೆ ಎಂದು ಅವಳು ಹಲ್ಲು ಕಚ್ಚಿ ನಿಂತಳು.

"ನಿಂಗೆ ಗೊತ್ತಿತ್ತಾ?" ಎಂದರು ಭಾವ.

"ಅವನು ಗಾಳಿ ಚೆಲ್ತಿದ್ದದ್ದು ಗೊತ್ತಿರಲಿಲ್ಲ."

"ಅದಲ್ಲ. ನನ್ನ ವಿಷಯ."

"ಗೊತ್ತಿತ್ತು. ಅಕ್ಕ ಹೇಳಿದ್ರು."

"ಮತ್ಯಾಕೆ ನಿಲ್ಲಿಸಲಿಲ್ಲ?"

"ನೀವು ಭಾವ ಅಂತ..."

ಅವರು ತಿರುಗಿ ಅಂಗಳದಲ್ಲಿ ಕೂತು ಕೆಮ್ಮುತ್ತಿದ್ದ ತಿದಿಯನ್ನು ನೋಡಿದರು. ಬಹಳ ಹೊತ್ತು ಉಸಿರು ಕೂಡಿಸಿಕೊಂಡು ಕೇಳಿದರು:

"ಅವನು ಒಳಗೇ ಉಳಿದಿದ್ರೆ, ಅವನಮ್ಮನ ಮುಂದೆ ನಿಂತು ಇದನ್ನೇ ಹೇಳ್ತಿದ್ಯಾ?"