ಐದು ಸೇತುವೆ ದಾಟಿ ಬರುವ ನೀರು

ಸಮುದ್ರ ನಮ್ಮೂರಿನಿಂದ ಐವತ್ತೆಂಟು ಕಿಲೋಮೀಟರ್ ದೂರ. ಬಸ್ಸಿನಲ್ಲಿ ಹೋದರೆ ಒಂದೂಮುಕ್ಕಾಲು ಗಂಟೆ. ನಮ್ಮ ನದಿಯ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿಯಬಹುದು, ಉಪ್ಪಿನ ಸುಳಿವೇ ಇಲ್ಲ. ಹಾಗಾಗಿ ಈ ನದಿಗೂ ಸಮುದ್ರಕ್ಕೂ, ಕೊನೆಗೆ ಹೋಗಿ ಸೇರುವುದೊಂದನ್ನು ಬಿಟ್ಟರೆ, ಬೇರೆ ಯಾವ ಸಂಬಂಧವೂ ಇಲ್ಲ ಎಂದು ನಾವೆಲ್ಲ ನಂಬಿಕೊಂಡಿದ್ದೆವು. ನಾವೆಲ್ಲ ಅಂದರೆ ಓದಿದವರು, ಓದದವರು, ಪತ್ರಿಕೆಗೆ ಬರೆಯುವ ನನ್ನಂಥವರು, ಮೀನುಗಾರಿಕೆ ಕಚೇರಿಯ ಫ್ಯಾನಿನ ಕೆಳಗೆ ಕೂತವರು. ನೀರು ಹೆಚ್ಚಾದರೆ ಮೇಲೆಲ್ಲೋ ಮಳೆ, ಇಳಿದರೆ ಬಿಸಿಲು. ಅಷ್ಟು ಅಂದುಕೊಂಡು ಕೈ ತೊಳೆದುಕೊಂಡಿದ್ದೆವು.

ನಂಬದೇ ಇದ್ದವರು ಒಬ್ಬರೇ. ಬಸ್ ಡಿಪೋದ ಟೈಮ್‌ಕೀಪರ್. ಡ್ರೈವರು ಕಂಡಕ್ಟರುಗಳ ಬಾಯಲ್ಲಿ ಟೈಮಕ್ಕ.

ಡಿಪೋದ ಗೇಟಿಗೆ ಅಂಟಿಕೊಂಡ ತಗಡಿನ ಕೋಣೆ ಅವರದು. ಎರಡು ಕಿಟಕಿ. ಒಂದರಲ್ಲಿ ಹೊರಡುವ ಗಾಡಿ ಕಾಣುತ್ತದೆ, ಇನ್ನೊಂದರಲ್ಲಿ ಬರುವ ಗಾಡಿ. ನಡುವೆ ಮೇಜು, ಫೋನು, ಲಾಗ್ ಪುಸ್ತಕ, ತಣ್ಣಗಾದ ಚಹಾ. ಮೇಜಿನ ಕೆಳಗೆ, ತೇವದ ಮಣ್ಣು ತುಂಬಿದ ಡಬ್ಬಿಯಲ್ಲಿ, ಎರೆಹುಳು. ಹೊಸದಾಗಿ ಸೇರಿದ ಕಂಡಕ್ಟರೊಬ್ಬ ಅದನ್ನು ಊಟದ ಡಬ್ಬಿ ಎಂದು ತೆರೆದು ಕೂಗಿಕೊಂಡ ಕಥೆಯನ್ನು ಡಿಪೋದಲ್ಲಿ ಇವತ್ತಿಗೂ ಹೇಳಿ ನಗುತ್ತಾರೆ.

ಹನ್ನೆರಡು ವರ್ಷದ ಹಿಂದೆ ಒಂದು ರಜೆಯ ದಿನ ಆಕೆ ಹಳೇ ದೋಣಿಗಟ್ಟೆಯ ಮೆಟ್ಟಿಲ ಮೇಲೆ ಗಾಳ ಹಾಕಿ ಕೂತಿದ್ದರು. ಗಾಳದ ಬೆಂಡು ನದಿ ಹರಿಯುವ ಕಡೆಗೆ ಹೋಗುವುದನ್ನು ಬಿಟ್ಟು ಹಿಂದಕ್ಕೆ, ಬೆಟ್ಟದ ಕಡೆಗೆ ಹೊರಟಿತು. ಗಾಳಿ ಇರಲಿಲ್ಲ. ನೀರನ್ನು ಬಾಯಿಗೆ ಹಾಕಿ ನೋಡಿದರು. ಸಿಹಿ. ಮರುದಿನ ಡಿಪೋದಲ್ಲಿ, "ನದಿ ವಾಪಸ್ ಹೋಗ್ತಾ ಇತ್ತು ಕಣೋ" ಅಂದರೆ, ಅಲ್ಲೇ ಡ್ರೈವರ್ ಆಗಿರುವ ಅವರ ತಮ್ಮ, "ಡಬಲ್ ಡ್ಯೂಟಿ ಮಾಡಬೇಡ ಅಂತ ಬಡ್ಕೊಂಡೆ. ಕೇಳಿದ್ಯಾ?" ಎಂದ.

ಬೇರೆ ಯಾರಾದರೂ ಆಗಿದ್ದರೆ ನಕ್ಕು ಮರೆಯುತ್ತಿದ್ದರು. ಆದರೆ ಒಂದು ಗಾಡಿ ಎಲ್ಲಿಂದ ಬಂತು, ಎಷ್ಟು ಹೊತ್ತಿಗೆ ಬಂತು ಎಂದು ಬರೆಯದೆ ಆ ಕೈ ಸುಮ್ಮನಿರುವುದಿಲ್ಲ. ಬಂದರಿಗೆ ಹೋಗುವ ರಸ್ತೆ ಈ ನದಿಯನ್ನು ಐದು ಕಡೆ ದಾಟುತ್ತದೆ. ಅರ್ಧ ಗಂಟೆಗೊಂದು ಬಸ್ಸು. ಟೈಮಕ್ಕ ಪ್ರತಿ ಕಂಡಕ್ಟರನಿಗೂ ಒಂದೇ ಮಾತು ಹೇಳಿದರು: "ಸೇತುವೆ ಮೇಲೆ ಹೋಗುವಾಗ ಕೆಳಗೆ ನೋಡು. ಕಸಕಡ್ಡಿ ಯಾವ ಕಡೆ ತೇಲ್ತಿದೆ, ಗಂಟೆ ಎಷ್ಟು, ಎರಡೇ ಬರ್ಕೊಂಡ್ ಬಾ." ಕಂಡಕ್ಟರುಗಳು ಗೊಣಗಿದರು. ಡ್ಯೂಟಿ ಹಾಕುವ ಟೈಮಕ್ಕನನ್ನು ಎದುರು ಹಾಕಿಕೊಳ್ಳುವ ಧೈರ್ಯ ಯಾರಿಗಿದೆ? ಬರೆದು ತಂದರು.

ಒಂದು ವರ್ಷ ಹಾಗೆ ಚೀಟಿ ಸೇರಿದ ಮೇಲೆ ಆಕೆಗೆ ಕಂಡದ್ದು ಇದು. ಬಂದರಿನಲ್ಲಿ ಏರಿದ ನೀರು ಅಲ್ಲೇ ನಿಲ್ಲುವುದಿಲ್ಲ. ಅದು ನದಿಯೊಳಗೆ ಹೊರಡುತ್ತದೆ. ಮೊದಲ ಸೇತುವೆಗೆ ಇಪ್ಪತ್ತೈದು ನಿಮಿಷ, ಎರಡನೆಯದಕ್ಕೆ ಒಂದು ಗಂಟೆ. ಹೀಗೆ ಒಂದೊಂದೇ ಸ್ಟಾಪು ದಾಟಿ, ನಮ್ಮ ದೋಣಿಗಟ್ಟೆಗೆ ಮೂರು ಗಂಟೆಗೆ ಬಂದು ಮುಟ್ಟುತ್ತದೆ. ಇಳಿತ ಬರುವುದು ಇನ್ನೂ ತಡ, ನಾಲ್ಕೂವರೆ ಗಂಟೆ. "ಉಬ್ಬರ ಎಕ್ಸ್‌ಪ್ರೆಸ್ಸು, ಇಳಿತ ಕೈ ಅಡ್ಡ ಮಾಡಿದ ಕಡೆಯೆಲ್ಲ ನಿಲ್ಲೋ ಗಾಡಿ" ಎಂದು ಟೈಮಕ್ಕ ಹೇಳುತ್ತಾರೆ. ಉಪ್ಪು ಅರ್ಧದಾರಿಯಲ್ಲೇ ಇಳಿದುಹೋಗುತ್ತದೆ. ಏರಿಕೆ ಮಾತ್ರ ಮೇಲೆ ಬರುತ್ತದೆ.

ಇದನ್ನು ಮೊದಲು ಕೇಳಿದ ದಿನ ನನಗೆ ಮೈ ಜುಂ ಎಂದಿತು. ಬೆಟ್ಟದಿಂದ ಇಳಿದು ಬರುತ್ತಿರುವ ನೀರು ಅದು, ಸಮುದ್ರದ ಮುಖವನ್ನೇ ಕಂಡಿಲ್ಲ. ಆದರೂ ಲಕ್ಷಾಂತರ ಕಿಲೋಮೀಟರ್ ಆಚೆ ಒಂದು ಚಂದ್ರ ಎಳೆದರೆ, ಸಮುದ್ರ ಎದ್ದರೆ, ಮೂರು ಗಂಟೆ ತಡವಾಗಿಯಾದರೂ ಇಲ್ಲಿ ಎದ್ದು ನಿಲ್ಲುತ್ತದೆ. ಆ ಸುದ್ದಿಯನ್ನು ಹಿಡಿದದ್ದು ಟಿಕೆಟ್ ಹರಿಯುವ ಹತ್ತಾರು ಕೈಗಳು, ಒಂದು ತಗಡಿನ ಕೋಣೆ.

ಆಮೇಲೆ ಡಿಪೋದವರ ಮೀನು ಹಿಡಿಯುವ ದಿನಗಳನ್ನೆಲ್ಲ ಟೈಮಕ್ಕನೇ ಗೊತ್ತು ಮಾಡತೊಡಗಿದರು. ತಿಂಗಳಿಗೊಂದು ಹಾಳೆ. ಯಾರಿಗೆ ಯಾವತ್ತು ರಜೆ, ಅವತ್ತು ಚಂದ್ರ ಎಷ್ಟು, ನೀರು ಯಾವಾಗ ತಿರುಗುತ್ತದೆ, ಗಾಳಿ ಯಾವ ಕಡೆಯದು, ಬೆಟ್ಟದಲ್ಲಿ ಮಳೆಯಾಗಿದೆಯೋ. ಮಳೆ ಬಿದ್ದ ನೀರು ಇಲ್ಲಿಗೆ ಬರಲು ಮೂರು ದಿನ. ಹುಣ್ಣಿಮೆಗೆ ಮೀನು ಕಚ್ಚುವುದಿಲ್ಲ ಎಂಬ ಮಾತನ್ನು ಆಕೆ ನಾಲ್ಕು ವರ್ಷ ಪರೀಕ್ಷಿಸಿ ಹೊಡೆದು ಹಾಕಿದರು. ಕಚ್ಚುತ್ತದೆ, ಹೊತ್ತು ಬೇರೆ. ತಾನು ತಪ್ಪಿದ ದಿನಗಳನ್ನು ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಎರಡು ವರ್ಷದ ಹಿಂದೆ ದೊಡ್ಡ ನೀರು ಬರುತ್ತದೆ ಎಂದು ಮೀನು ಹಿಡಿಯಲು ಹೊರಟ ಒಂದು ಪ್ರವಾಸವನ್ನೇ ರದ್ದು ಮಾಡಿಸಿದ್ದರು. ಬರಲಿಲ್ಲ. ತಮ್ಮ ಅದಕ್ಕೆ "ಅಕ್ಕನ ಪ್ರಳಯ" ಎಂದು ಹೆಸರಿಟ್ಟು ಆರು ತಿಂಗಳು ಆಡಿಕೊಂಡ. ಹಾಳೆಯಲ್ಲಿ ಕೆಂಪಾಗಿ ಹೀಗಿದೆ: "ಗಾಳಿ ತಿರುಗಿತು. ನಾನು ನೋಡಲಿಲ್ಲ. ತಪ್ಪು ನನ್ನದು." ತನ್ನ ತಪ್ಪನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟುಕೊಂಡ ಒಂದು ಕಚೇರಿಯನ್ನು ಯಾರಾದರೂ ನನಗೆ ತೋರಿಸಿ, ಹೋಗಿ ಕೈಮುಗಿದು ಬರುತ್ತೇನೆ.

ಕಚೇರಿ ಅಂದೆ. ಮೀನುಗಾರಿಕೆ ಕಚೇರಿಯವರು ಹೋದ ವರ್ಷ ಒಂದು ಗಾಳ ಹಾಕುವ ಸ್ಪರ್ಧೆ ಇಟ್ಟರು. ಜಾಗ, ದೋಣಿಗಟ್ಟೆಯ ಎದುರಿನ ಮರಳ ದಿಣ್ಣೆ. ಹಿಂದಿನ ಮಳೆಗಾಲದ ಪ್ರವಾಹ ಹೊಸದಾಗಿ ತಂದು ಹಾಕಿದ್ದ ದಿಣ್ಣೆ ಅದು. ಅದಕ್ಕೂ ದಡಕ್ಕೂ ನಡುವೆ ನಲವತ್ತು ಹೆಜ್ಜೆ ಅಗಲದ ತಗ್ಗು, ಒಣಗಿದ್ದಾಗ ನಡೆದು ದಾಟಬಹುದು. ದಡದಲ್ಲಿ ನೀಲಿ ಬೋರ್ಡು ನಿಂತಿತು. ಭಾನುವಾರ, ಅಮಾವಾಸ್ಯೆ, ಬೆಳಿಗ್ಗೆ ಏಳೂವರೆಯಿಂದ. ಹವಾಮಾನ: ಒಣ. ಉಬ್ಬರ: ಎಂಟು ಗಂಟೆ.

ಟೈಮಕ್ಕ ಶುಕ್ರವಾರ ಅರ್ಧ ದಿನ ರಜೆ ಹಾಕಿ, ಹಾಳೆಗಳ ಕಟ್ಟು ಹಿಡಿದು ಮೀನುಗಾರಿಕೆ ಕಚೇರಿಯ ಸಾಹೇಬರ ಮುಂದೆ ನಿಂತರು.

"ಸಾರ್, ಎಂಟಕ್ಕೆ ಉಬ್ಬರ ಅನ್ನೋದು ಬಂದರಿನ ಟೈಮು. ಇಲ್ಲಿಗೆ ಹನ್ನೊಂದಾಗುತ್ತೆ."

"ಇದು ಸಿಹಿನೀರಮ್ಮ. ಇಲ್ಲೆಲ್ಲಿಂದ ಬರುತ್ತೆ ಉಬ್ಬರ?"

"ಹಾಗಾದ್ರೆ ಬೋರ್ಡಲ್ಲಿ ಯಾಕೆ ಹಾಕಿದ್ದೀರಿ?"

"ಫಾರಂನಲ್ಲಿ ಕಾಲಂ ಇತ್ತು. ಖಾಲಿ ಬಿಡೋಕಾಗುತ್ತಾ?"

ಆಕೆ ತಾಳ್ಮೆಯಿಂದ ವಿವರಿಸಿದರು. ಬೆಳಿಗ್ಗೆ ಏಳೂವರೆಗೆ ದಿಣ್ಣೆ ಒಣಗಿರುತ್ತದೆ. ಎಂಟಕ್ಕೂ ಒಣಗಿರುತ್ತದೆ. ಉಬ್ಬರ ಮುಗಿದರೂ ನೀರು ಬರಲಿಲ್ಲವಲ್ಲ ಎಂದು ಜನ ಧೈರ್ಯವಾಗಿ ಕೂತುಬಿಡುತ್ತಾರೆ. ನಿಜವಾದ ಉಬ್ಬರ ಆಮೇಲೆ ಹಿಂದಿನಿಂದ ಬರುತ್ತದೆ, ತಗ್ಗು ಮೊದಲು ತುಂಬುತ್ತದೆ. ಗುರುವಾರ ಬೆಟ್ಟದಲ್ಲಿ ಮಳೆಯಾಗಿದೆ, ಆ ನೀರೂ ಭಾನುವಾರವೇ ಬರುತ್ತದೆ. ದಿಣ್ಣೆಯ ನೆತ್ತಿಯೂ ಮುಳುಗುತ್ತದೆ. "ಮಧ್ಯಾಹ್ನ ಮೂರರ ಮೇಲೆ ಇಟ್ಕೊಳ್ಳಿ ಸಾರ್."

"ನೀವು ಎಷ್ಟು ಓದಿದ್ದೀರಿ?"

"ಹತ್ತನೇ ಕ್ಲಾಸು."

ಸಾಹೇಬರು ಹಾಳೆಯೊಂದನ್ನು ಎರಡು ಬೆರಳಲ್ಲಿ ಎತ್ತಿದರು. "ಇದು ಬಸ್ಸಿನ ಡ್ಯೂಟಿ ಶೀಟು."

"ತಿರುಗಿಸಿ ನೋಡಿ ಸಾರ್. ಆ ಕಡೆ ಬಸ್ಸಿಂದು, ಈ ಕಡೆ ನದೀದು."

ಅವರು ತಿರುಗಿಸಲಿಲ್ಲ. ಹನ್ನೊಂದು ವರ್ಷದ ನೀರು ಆ ಮೇಜಿನ ಮೇಲಿತ್ತು. ತಿರುಗಿಸಲು ಒಂದು ಕ್ಷಣ ಸಾಕಿತ್ತು. ಈಗ ಆ ಬೋರ್ಡಿನ ಉಬ್ಬರದ ಕಾಲಂ ಮೇಲೆ ಬಿಳಿ ಬಣ್ಣ ಬಳಿದಿದ್ದಾರೆ. ಸರಿಯಾದ ಹೊತ್ತು ಬರೆಯುವುದಕ್ಕಿಂತ ಅದು ಅವರಿಗೆ ಸುಲಭವಾಗಿ ಕಂಡಿದೆ.

ಭಾನುವಾರ ದಿಣ್ಣೆಯ ಮೇಲೆ ನಲವತ್ತಮೂರು ಜನ. ಬಹುಪಾಲು ಡಿಪೋದವರು, ಅವರ ಮನೆಯವರು. ಈಜು ಬರುವವರು ಅವರಲ್ಲಿ ಆರು ಮಂದಿ, ಟೈಮಕ್ಕ ಕೇಳಿ ಎಣಿಸಿದ್ದರು. ಮೊದಲ ದಿನದಿಂದಲೂ ಎಲ್ಲರಿಗೂ ಹೇಳಿದ್ದರು, ಬೇಡ ಎಂದು. ದಿಣ್ಣೆಯ ತುದಿಯಲ್ಲಿ ಗಾಳ ಹಾಕಿ ಕೂತ ತಮ್ಮ ಅಲ್ಲಿಂದಲೇ ಕೂಗಿದ: "ಅಕ್ಕಾ, ಎಂಟೂ ಹತ್ತು! ಉಬ್ಬರ ಬಂದು ಹೋಯ್ತು. ನನ್ನ ಚಪ್ಪಲಿ ಸಹ ಒದ್ದೆ ಆಗಿಲ್ಲ!"

ಕಡ್ಡಿ ಎಂದು ಕರೆಸಿಕೊಳ್ಳುವ ಸಣಕಲು ಕಂಡಕ್ಟರ್ ಪಕ್ಕದಿಂದ, "ಪ್ರಳಯ ಎಷ್ಟು ಲೇಟಂತೆ ಟೈಮಕ್ಕ? ಕ್ಯಾನ್ಸಲ್ಲೋ?" ಎಂದ. ಎಲ್ಲರೂ ನಕ್ಕರು.

ಆಕೆ ಗಡಿಯಾರ ನೋಡಿದರು. ಹಿಂದೆ ಬಂದು ತಗ್ಗಿನ ನಡುವೆ ನಿಂತರು. ಕೊರಳಲ್ಲಿ ಕಂಡಕ್ಟರುಗಳ ಸೀಟಿ. ಆಗ ಅವರು ಮಾಡಿಕೊಂಡ ಲೆಕ್ಕವನ್ನು ಆಮೇಲೆ ನನಗೆ ಹೇಳಿದರು. ಸೀಟಿ ಊದಲು ಸಿಗುವುದು ಒಂದೇ ಅವಕಾಶ. ಬೇಗ ಊದಿದರೆ ನಗುತ್ತಾರೆ, ಮತ್ತೆ ಊದಿದಾಗ ಏಳುವುದಿಲ್ಲ. ತಡವಾದರೆ ಎದ್ದರೂ ದಾಟಲಾಗುವುದಿಲ್ಲ. ಎಂಟೂವರೆಗೆ ತಗ್ಗಿನ ಮರಳು ಕಪ್ಪಾಯಿತು. ಒಂಬತ್ತಕ್ಕೆ ಬೆರಳು ಒದ್ದೆ. ಹೊಳೆಯ ಕಡೆಗೆ ಮುಖ ಮಾಡಿ ಕೂತವರಿಗೆ ಬೆನ್ನ ಹಿಂದಿನದು ಕಾಣುತ್ತಿರಲಿಲ್ಲ. ಅಷ್ಟರಲ್ಲಿ ಮೀನು ಕಚ್ಚತೊಡಗಿದವು. ಏರುವ ನೀರಿನ ಜೊತೆ ಮೀನು ಬರುತ್ತದೆ. ಎಲ್ಲರ ಕೋಲೂ ಬಾಗುತ್ತಿತ್ತು, ದಿಣ್ಣೆಯ ತುಂಬ ಕೇಕೆ. ಇಂಥ ಹೊತ್ತಲ್ಲಿ ಯಾರನ್ನು ಏಳಿಸುವುದು?

ಒಂಬತ್ತೂ ಇಪ್ಪತ್ತಕ್ಕೆ ನೀರು ಕಾಲಿನ ಗೆಣ್ಣು ಮುಟ್ಟಿತು. ಟೈಮಕ್ಕ ಎರಡು ಸಲ ಊದಿದರು.

ಎರಡು ಸೀಟಿ ಅಂದರೆ ಗಾಡಿ ಹೊರಡಬೇಕು. ಇಪ್ಪತ್ತು ವರ್ಷ ಆ ಶಬ್ದಕ್ಕೆ ಕ್ಲಚ್ ಒತ್ತಿದ ಕಾಲುಗಳು ತಲೆಯನ್ನು ಕೇಳಲಿಲ್ಲ, ಎದ್ದು ನಿಂತವು. "ರೈಟ್! ರೈಟ್!" ಆಕೆ ಡಿಪೋದ ಗಂಟಲಲ್ಲಿ ಕೂಗಿದರು. "ಲಾಸ್ಟ್ ಟ್ರಿಪ್ ಇದು! ಆಮೇಲೆ ಗಾಡಿ ಇಲ್ಲ!" ಆಗ ಜನ ತಿರುಗಿ ನೋಡಿದರು. ಹಿಂದೆ ಮರಳು ಇರಲಿಲ್ಲ, ನೀರು ಹೊಳೆಯುತ್ತಿತ್ತು. ಮಕ್ಕಳನ್ನು ಎತ್ತಿಕೊಂಡು ಇಳಿದರು. ತಮ್ಮನ ಗಾಳಕ್ಕೆ ಆಗಷ್ಟೇ ಮೊಳಕೈ ಉದ್ದದ ಮೀನು ಕಚ್ಚಿತ್ತು. ಅಕ್ಕನ ಮುಖವನ್ನೊಮ್ಮೆ ನೋಡಿ ದಾರ ಕತ್ತರಿಸಿದ.

ಎಲ್ಲರೂ ಬಂದರು, ಸಾಹೇಬರು ಬರಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ, ತಕ್ಕಡಿಯ ಪಕ್ಕ ಕೂತೇ ಇದ್ದರು. "ಸೀಟಿ ಊದೋಕೆ ನಿಮಗೆ ಯಾರು ಅಧಿಕಾರ ಕೊಟ್ರು? ಹತ್ತೂವರೆಗೆ ತೂಕ ಇದೆ!"

ಹತ್ತು ಗಂಟೆಗೆ ಅವರೇ ಎದ್ದು ನಿಂತರು. ತಗ್ಗಿನಲ್ಲಿ ಸೊಂಟದ ಮಟ್ಟದ ನೀರು, ಬೆಟ್ಟದ ಕಡೆಗೆ ಓಡುತ್ತಿತ್ತು. ಅವರಿಗೆ ಈಜು ಬಾರದು. ದಡದಲ್ಲಿದ್ದ ಕೆಲವರಿಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ, ನನಗೂ ಆಯಿತು. ಟೈಮಕ್ಕನಿಗೆ ಅದಕ್ಕೆ ಪುರುಸೊತ್ತಿರಲಿಲ್ಲ. ಕೆಟ್ಟ ಗಾಡಿ ಎಳೆಯುವ ಹಗ್ಗವನ್ನು ಡಿಪೋದವರು ಬಂದಿದ್ದ ಬಸ್ಸಿನಿಂದ ತರಿಸಿ, ಒಂದು ತುದಿಯನ್ನು ಮರಕ್ಕೆ ಬಿಗಿಸಿ, ಇನ್ನೊಂದು ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ನೀರಿಗಿಳಿದರು. "ಅಕ್ಕಾ, ನಾನು ಹೋಗ್ತೀನಿ" ಎಂದ ತಮ್ಮ. "ನೀನು ಹಿಂದೆ ಬಾ. ಎಲ್ಲಿ ಆಳ ಅನ್ನೋದು ನನಗೆ ಗೊತ್ತಿದೆ." ಇಬ್ಬರೂ ಸೇರಿ ಅವರನ್ನು ನಡುವೆ ಹಿಡಿದು ತಂದರು. ಸಾಹೇಬರ ಎರಡೂ ಕೈ ಆಕೆಯ ಹೆಗಲ ಮೇಲಿತ್ತು, ಬೂಟು ಕೊರಳಲ್ಲಿ ನೇತಾಡುತ್ತಿತ್ತು.

ದಡಕ್ಕೆ ಬಂದು ಬೂಟನ್ನು ಕೊರಳಿನಿಂದ ತೆಗೆದಿಟ್ಟರು. ಆಮೇಲೆ ತಗ್ಗಿದ ದನಿಯಲ್ಲಿ, "ಇನ್ನೂ ಏರುತ್ತಾ, ಅಮ್ಮಾ?" ಎಂದರು.

"ಇನ್ನೊಂದು ಮುಕ್ಕಾಲು ಗಂಟೆ, ಸಾರ್."

ಯಾರೂ ಮನೆಗೆ ಹೋಗಲಿಲ್ಲ. ನಲವತ್ತಮೂರು ಜನ ಮೆಟ್ಟಿಲ ಮೇಲೆ ಸಾಲಾಗಿ ನಿಂತು ನೋಡಿದರು. ದಿಣ್ಣೆಯ ತುದಿಗಳು ಹೋದವು, ನಡು ಹೋಯಿತು, ಕೊನೆಗೆ ನೆತ್ತಿಯೂ ಹೋಯಿತು. ಒಂದೂವರೆ ಗಂಟೆಯ ಹಿಂದೆ ಮಕ್ಕಳು ಓಡಾಡಿದ ನೆಲ ಅದು. ಕುರ್ಚಿ ತೇಲಿತು. ಸಮುದ್ರದ ಕಡೆಗಲ್ಲ, ಬೆಟ್ಟದ ಕಡೆಗೆ, ಯಾರೋ ಕರೆದ ಹಾಗೆ ಸಲೀಸಾಗಿ ಹೊರಟಿತು. ಹುಟ್ಟಿದಾಗಿನಿಂದ ಈ ಹೊಳೆಯ ಪಕ್ಕ ಬದುಕಿದವರು ನಾವು. ಬಾಯಿ ತೆರೆದು ನೋಡುತ್ತಿದ್ದೆವು.

ಹನ್ನೊಂದರ ಮೇಲೆ ಕೆಲವು ನಿಮಿಷವಾಗಿರಬೇಕು. ಕುರ್ಚಿ ನಿಧಾನವಾಯಿತು, ನದಿಯ ನಟ್ಟನಡುವೆ ನಿಂತಿತು. ನೀರಿನ ಮೇಲೆ ಒಂದು ಗೆರೆಯೂ ಇಲ್ಲ. ಅಷ್ಟು ದೊಡ್ಡ ನದಿ ಮೇಲೂ ಹೋಗದೆ, ಕೆಳಗೂ ಹೋಗದೆ, ಉಸಿರು ಹಿಡಿದ ಹಾಗೆ ನಿಂತಿತ್ತು.

"ಅಕ್ಕಾ," ತಮ್ಮ ಪಿಸುಗುಟ್ಟಿದ, "ಇದೇನೇ ಇದು?"

"ಸುಮ್ನಿರು. ನೋಡು."

ಕುರ್ಚಿ ಅಲ್ಲೇ ಒಂದು ಸುತ್ತು ಮೆಲ್ಲಗೆ ತಿರುಗಿತು. ಆಮೇಲೆ, ಯಾವ ಆತುರವೂ ಇಲ್ಲದೆ, ಸಮುದ್ರದ ಕಡೆಗೆ ಹೊರಟಿತು.